ಗಾಜಿನ ಹಂಚಿನ ಹಾಡು

ಕೋಡಿಬಾಗ, ಕಾರವಾರ
೧೧ ಫೆಬ್ರವರಿ ೨೦೦೭

ನನ್ನ ಮುದ್ದು ಮನಿಷಾ,

ಮೊದಲು ನನ್ನನ್ನು ಮನಸಾರೆ ಬೈದು ಮುಗಿಸು, ಆಮೇಲೆ ಮುಂದೆ ಓದು. ಮದುವೆಯಾಗಿ ಎರಡು ವಾರವಾಯಿತು, ನಿನಗೊಂದು ಸಾಲು ಬರೆದಿಲ್ಲ. ಪುಣೆಯ ಆ ನರ್ಸುಗಳ ಹಾಸ್ಟೆಲಿನಲ್ಲಿ ಪಾಳಿ ಮುಗಿಸಿ ಬಂದು ನೀನು ಟಪಾಲು ಹುಡುಕುವುದು, ಸಿಗದೆ ಮುಖ ಊದಿಸಿಕೊಳ್ಳುವುದು ಎಲ್ಲ ನನಗೆ ಇಲ್ಲಿಂದಲೇ ಕಾಣುತ್ತದೆ. ಫೋನು ಮಾಡಬಹುದಿತ್ತು ನಿಜ. ಆದರೆ ಈ ಮನೆಯ ಫೋನು ನಡುಮನೆಯಲ್ಲಿದೆ, ಅತ್ತೆ ಅದರ ಪಕ್ಕದಲ್ಲೇ ಕೂತು ಬಸಳೆ ಬಿಡಿಸುತ್ತಾರೆ. ಮತ್ತೆ ನಮ್ಮದು ಕಾಗದದ ಸ್ನೇಹ ಅಲ್ಲವೇನೇ. ಕನ್ನಡ ಮಾತಾಡಿದವರ ಕೊರಳಿಗೆ ಬೋರ್ಡು ನೇತುಹಾಕುತ್ತಿದ್ದ ಶಾಲೆಯಲ್ಲಿ, ಡೆಸ್ಕಿನ ಅಡಿಯಿಂದ ಕನ್ನಡದಲ್ಲೇ ಚೀಟಿ ಕಳಿಸಿ ಬೆಳೆದವರು ನಾವು. ಗುಟ್ಟು ಅಂದರೆ ನನಗೆ ಇವತ್ತಿಗೂ ಕನ್ನಡದಲ್ಲೇ ಬರುವುದು.

ನಾನು ಸುಖವಾಗಿದ್ದೇನೆ, ತುಂಬ ತುಂಬ ಸುಖವಾಗಿದ್ದೇನೆ. ಹೊಸ ಬಳೆಗಳ ಸದ್ದಿಗೆ ನಾನೇ ತಿರುಗಿ ನೋಡುತ್ತೇನೆ. ಕಿಶೋರ ಹೇಗೆ ಅಂತ ಕೇಳಿದ್ದೀ. ಫೋಟೋದಲ್ಲಿ ಕಂಡದ್ದಕ್ಕಿಂತ ಎತ್ತರ, ಕೂದಲು ಬ್ಯಾಂಕಿನವರು ಸಹಿಸುವಷ್ಟು ಉದ್ದ. ಹಗಲಿಗೆ ಇಸ್ತ್ರಿ ಅಂಗಿ ತೊಟ್ಟು ಕೌಂಟರಿನ ಹಿಂದೆ ಕೂರುವ ಈ ಮನುಷ್ಯ ಸಂಜೆಯಾದರೆ ಗಿಟಾರು ಬೆನ್ನಿಗೆ ಹಾಕಿಕೊಂಡು ಬೈತಖೋಲಕ್ಕೆ ಓಡುತ್ತಾರೆ. ಅಲ್ಲಿ ಇವರ ರಾಕ್ ತಂಡ. ಹೆಸರು ಉಪ್ಪಾಗರ. ಮೂರೇ ಜನ. ಡ್ರಮ್ಮಿಗೆ ಅಮಿತ, ಹಾಡಲಿಕ್ಕೆ ರೋಷನ. ರೋಷನನ ಅಪ್ಪನಿಗೆ ಎರಡು ದೋಣಿ, ಒಂದು ಒಣಮೀನಿನ ಗೋದಾಮು; ಆ ಗೋದಾಮಿನಲ್ಲೇ ಇವರ ಅಭ್ಯಾಸ. ಮದುವೆಯಾದ ವಾರಕ್ಕೇ ನನ್ನನ್ನು ಕರೆದುಕೊಂಡು ಹೋಗಿದ್ದರು. ಮೀನು ತಿಂದೇ ಬೆಳೆದವಳು ನಾನು, ಆದರೂ ಅಷ್ಟು ಒಣಗಿದ ಬಂಗಡೆ ಒಟ್ಟಿಗೆ ಉಸಿರು ಬಿಟ್ಟರೆ ಹೊಟ್ಟೆ ತೊಳಸುತ್ತದೆ. ಮೂಗಿಗೆ ಸೆರಗು ಹಿಡಿದೇ ಚಪ್ಪಾಳೆ ತಟ್ಟಿದೆ. ಒಂದು ಕೈಯಲ್ಲಿ ಹೇಗೆ ಅಂತ ಕೇಳಬೇಡ, ತೊಡೆಯ ಮೇಲೆ ತಟ್ಟಿದೆ.

ನೆನಪಿದೆಯಾ, ಒಂಬತ್ತನೇ ಇಯತ್ತೆಯಲ್ಲಿ ನಿನ್ನಣ್ಣನ ಇಂಗ್ಲಿಷ್ ರಾಕ್ ಕ್ಯಾಸೆಟ್ಟನ್ನು ನಾವು ಲ್ಯಾಬಿನಲ್ಲಿ ಕೇಳಿ ಸಿಕ್ಕಿಬಿದ್ದದ್ದು. ಸೈತಾನನ ಹಾಡು ಅಂತ ಸಿಸ್ಟರ್ ಟೇಪನ್ನು ಹೊರಗೆಳೆದು ಕತ್ತರಿಯಿಂದ ತುಂಡು ಮಾಡಿದರು. ಆ ತುಂಡನ್ನು ನಾವು ಎಷ್ಟೋ ದಿನ ಪುಸ್ತಕದಲ್ಲಿ ನವಿಲುಗರಿಯ ಹಾಗೆ ಇಟ್ಟುಕೊಂಡಿದ್ದೆವು. ಬೈಸಿಕೊಂಡ ಹಾಡೇ ಒಳ್ಳೆಯ ಹಾಡು ಎಂದು ತೀರ್ಮಾನಿಸಿದವರು ನಾವು. ಈಗ ಅಂಥ ಹಾಡು ಕಟ್ಟುವವನೇ ನನ್ನ ಗಂಡ. ನನ್ನ ಜಾತಕ ನೋಡಿದ ಭಟ್ಟರಿಗೂ ಇದು ಗೊತ್ತಿರಲಿಲ್ಲ.

ನೀನು ತಪ್ಪಿಸಿಕೊಂಡ ದೊಡ್ಡ ಮಜಾ ಹೇಳುತ್ತೇನೆ. ಮದುವೆಯ ಹಿಂದಿನ ಸಂಜೆ ಅವರ್ಸಾದ ನಮ್ಮ ಮನೆಗೆ ಗಂಡಿನ ಕಡೆಯವರು ಅರಿಶಿನ ತಂದರಲ್ಲ, ಆಮೇಲೆ ಹೆಂಗಸರೆಲ್ಲ ಒಳಕೋಣೆಗೆ ನುಗ್ಗಿ ಬಾಗಿಲು ಹಾಕಿಕೊಂಡರು. ನಿಮ್ಮ ಮಂಜಗುಣಿಯಲ್ಲೂ ಇದೆ, ಆದರೆ ಮದುವೆಯಾಗದವರನ್ನು ಹತ್ತಿರ ಬಿಡುವುದಿಲ್ಲವಲ್ಲ, ನಾವಿಬ್ಬರೂ ಎಷ್ಟು ಸಲ ಕಿಟಕಿಗೆ ಕಿವಿ ಕೊಟ್ಟು ಬೈಸಿಕೊಂಡಿದ್ದೇವೆ. ಒಳಗೆ ಮದುಮಗಳು, ಮದುವೆಯಾದ ಹೆಂಗಸರು, ಮತ್ತೆ ಗಂಡಿನ ತಂಗಿ ಒಬ್ಬಳು. ಜರೆಯುವ ಹಾಡು ಅಂದಮೇಲೆ ಜರೆಸಿಕೊಳ್ಳಲಿಕ್ಕೆ ಆ ಕಡೆಯವರು ಒಬ್ಬರಾದರೂ ಬೇಕಲ್ಲ. ಇವರ ತಂಗಿ ಮಂಗಲಾ ಮೂಲೆಯಲ್ಲಿ ಕೋಳಿಮರಿಯ ಹಾಗೆ ಕೂತಿದ್ದಳು. ನನ್ನ ಹೆತ್ತ ಆಯಿಯ ಅಕ್ಕ ಬೊಮ್ಮಿ ಮಾವಶಿ ಮಡಿಲಲ್ಲಿ ಗೆರಸಿ ಮಗುಚಿ ಹಾಕಿಕೊಂಡು ಬಡಿಯಲಿಕ್ಕೆ ಶುರುಮಾಡಿದಳು. ಅಕ್ಕಿ ಕೇರುವ ಗೆರಸಿಗೆ ಅಂಥ ಗತ್ತು ಇದೆ ಅಂತ ನನಗೆ ಗೊತ್ತಿರಲಿಲ್ಲ.

"ಬೀಗರು ಬಂದರು ಬೆಲ್ಲದ ಮೂಟೆ ಹೊತ್ತು, ಬೆಲ್ಲಕ್ಕಿಂತ ಇರುವೆಯೇ ಜಾಸ್ತಿ" ಅಂತ ಮಾವಶಿ ಎತ್ತಿಕೊಂಡಳು. ಅಲ್ಲಿಂದ ಮುಂದಿನದು ಬರೆದರೆ ಪೋಸ್ಟ್‌ಮನ್ ಕೆಂಪಾಗುತ್ತಾನೆ. ಪದ್ಧತಿ ಏನೆಂದರೆ, ಒಳಗಿದ್ದ ಪ್ರತಿಯೊಬ್ಬ ಹೆಂಗಸೂ ತನ್ನ ಮೊದಲ ರಾತ್ರಿಯದೊಂದು ಪದ ತಾನೇ ಕಟ್ಟಿ ಸೇರಿಸಬೇಕು, ಉಳಿದವರು ಹೊಟ್ಟೆ ಹಿಡಿದು ನಗಬೇಕು. ಎಲ್ಲ ಮುಗಿದ ಮೇಲೆ ಮಾವಶಿ ಗೆರಸಿಯನ್ನು ನೆಲಕ್ಕೆ ಬೋರಲು ಹಾಕಿ, "ಹಾಡಿದ್ದು ಗೆರಸಿ ಅಡಿಗೆ" ಅನ್ನುತ್ತಾಳೆ. ಅಲ್ಲಿಗೆ ಮುಗಿಯಿತು. ಬಾಗಿಲು ತೆರೆದರೆ ಯಾರೂ ಏನೂ ಹಾಡಿಲ್ಲ, ಯಾರೂ ಏನೂ ಕೇಳಿಲ್ಲ.

ನಮ್ಮ ಆಯಿಯೂ ಹಾಡಿದಳು, ನಂಬುತ್ತೀಯಾ. ಗೆರಸಿ ಆಕೆಯ ಮಡಿಲಿಗೆ ಬಂದಾಗ ನಗುವಿನ ಗದ್ದಲದಲ್ಲಿ ಮೊದಲಿನ ಸಾಲುಗಳು ನನಗೆ ಸರಿಯಾಗಿ ತಲುಪಲೇ ಇಲ್ಲ. ಕೊನೆಯದು ಮಾತ್ರ ಹಿಡಿದೆ: ಗಾಜಿನ ಹಂಚ ನೋಡುತ ಮಲಗಿದೆ ತಂಗಿ, ಬೆಳ್ಳಿ ಮೂಡಿತೆ ಹೊರತು ನಿದ್ದೆ ಮೂಡಲಿಲ್ಲ. ಅಪ್ಪನ ಗೊರಕೆ ನಿನಗೂ ಗೊತ್ತು. ನಾನು ಎಷ್ಟು ನಕ್ಕೆನೆಂದರೆ ಅರಿಶಿನದ ಬಟ್ಟಲು ಮಗುಚಿ ಬಿತ್ತು. ಮದುಮಗಳು ಹಾಡುವಂತಿಲ್ಲ, ಕೇಳಬೇಕು ಅಷ್ಟೆ. ಮುಂದಿನ ಮದುವೆಯಲ್ಲಿ ನನ್ನ ಸರದಿಯಂತೆ.

ಮದುವೆಯಾದ ರಾತ್ರಿಯ ಬಗ್ಗೆ ನೀನು ಕೇಳಿದ್ದಕ್ಕೆ ಉತ್ತರ ಬರೆಯುವುದಿಲ್ಲ, ತುಂಟಿ. ಸುಸ್ತಾಗಿತ್ತು ಅಷ್ಟೆ. ಬೆಳಿಗ್ಗೆ ಇವರೇ ಚಹಾ ತಂದುಕೊಟ್ಟರು. ಎಷ್ಟು ಜನ ಗಂಡಂದಿರು ತರುತ್ತಾರೆ ಹೇಳು.

ನಿನ್ನ ಕೈಯಿಂದ ಸೂಜಿ ಚುಚ್ಚಿಸಿಕೊಂಡವರೆಲ್ಲ ನೂರು ವರ್ಷ ಬದುಕಲಿ. ನಿನಗೂ ಬೇಗ ಒಬ್ಬ ಒಳ್ಳೆಯವನು ಸಿಗಲಿ.

ನಿನ್ನದೇ,
ಪ್ರಗತಿ (ಈಗ ಸೌ. ಪ್ರಗತಿ. ಬರೆಯುವಾಗ ನಗು ಬರುತ್ತದೆ.)

ತಾ.ಕ.: ನಾನು ಬರೆದ ಹಾಡಿನ ವಿಷಯವೆಲ್ಲ ಗೆರಸಿ ಅಡಿಗೆ. ಮರೆಯಬೇಡ.


ಅವರ್ಸಾ
೨೭ ಮೇ ೨೦೦೭

ಪ್ರೀತಿಯ ಮನಿಷಾ,

ನಿನ್ನ ಎರಡು ಕಾಗದಗಳನ್ನು ಮುಂದಿಟ್ಟುಕೊಂಡು ಕೂತಿದ್ದೇನೆ. ಮೊದಲನೆಯದಕ್ಕೆ ಉತ್ತರಿಸದೆ ಇದ್ದದ್ದು ಸೋಮಾರಿತನವಲ್ಲ. ಏನು ಬರೆಯಬೇಕೋ ತಿಳಿಯದೆ ಎರಡು ಸಲ ಬರೆದು ಒಲೆಗೆ ಹಾಕಿದೆ. ಕ್ಷಮಿಸು. ಎರಡನೆಯದರಲ್ಲಿ ನಿನ್ನ ಮದುವೆ ಗೊತ್ತಾಯಿತು ಅಂತ ಓದಿ ಅತ್ತೇಬಿಟ್ಟೆ. ತುಳಸಿ ಲಗ್ನ ಮುಗಿದ ಮೇಲಿನ ಮೊದಲ ಮುಹೂರ್ತ, ಅಂಕೋಲೆಯಲ್ಲೇ, ಹುಡುಗ ಸಾಧು, ಅಡುಗೆ ಕೂಡ ಬರುತ್ತದೆ. ಇಷ್ಟೆಲ್ಲ ಒಳ್ಳೆಯದನ್ನು ಬರೆದು ಕೊನೆಗೆ ಆ ಒಂದು ಸಾಲು ಏಕೆ ಬರೆದೆ ಮಾರಾಯ್ತಿ. "ನಿನ್ನ ಗಂಡನ ಗಾಜಿನ ಹಂಚು ನಮ್ಮ ಹಾಸ್ಟೆಲಿನ ಹುಡುಗಿಯರಿಗೆಲ್ಲ ಹುಚ್ಚು ಹಿಡಿಸಿದೆ. ನನ್ನ ಮದುವೆಗೆ ಉಪ್ಪಾಗರ ತಂಡವೇ ಬೇಕು. ಆ ನಗು ಕೇಳಿದರೆ ಮೈ ಜುಮ್ಮೆನ್ನುತ್ತದೆ, ಯಾರದೇ ಅದು?"

ಅದನ್ನು ಓದಿ ನನಗೆ ವಾಕರಿಕೆ ಬಂತು. ನಿನ್ನ ಮೇಲಲ್ಲ. ಯಾರ ಮೇಲೆ ಅಂತ ಹೇಳಲಿಕ್ಕೇ ಈ ಕಾಗದ.

ಮಾರ್ಚಿನ ಒಂದು ಭಾನುವಾರ ಕಿಶೋರ ನನ್ನನ್ನು ಬೈಕಿನ ಮೇಲೆ ಗೋದಾಮಿಗೆ ಕರೆದುಕೊಂಡು ಹೋದರು. "ನಿನಗೊಂದು ಉಡುಗೊರೆ ಇದೆ" ಅಂದರು. ನಾನು ಹೊಸ ಸೀರೆ ಉಟ್ಟಿದ್ದೆ, ಹಳೇ ಬಲೆಯ ಮೂಟೆಯ ಮೇಲೆ ಕೂರಿಸಿದರು. ಅಮಿತ ಡ್ರಮ್ಮು ಬಿಟ್ಟು ಮಡಿಲಲ್ಲಿ ಒಂದು ಗೆರಸಿ ಇಟ್ಟುಕೊಂಡಿದ್ದ, ಅದರ ಹೊಟ್ಟೆಗೆ ಮೈಕು ಕಟ್ಟಿತ್ತು.

"ಏನು ಅಮಿತ, ಅಕ್ಕಿ ಕೇರ್ತೀಯಾ?" ಅಂದೆ.

"ತಡೀರಿ ವೈನಿ, ನಿಮ್ಮ ತವರಿನ ಅಕ್ಕಿನೇ" ಅಂದ.

ಬಡಿಯಲಿಕ್ಕೆ ಶುರುಮಾಡಿದ. ಬೊಮ್ಮಿ ಮಾವಶಿಯ ಅದೇ ಗತ್ತು. ಅದರ ಮೇಲೆ ಇವರ ಗಿಟಾರು, ಸಿಮೆಂಟಿನ ಮೇಲೆ ತಗಡು ಎಳೆದ ಹಾಗೆ. ಆಮೇಲೆ ರೋಷನ ಕಣ್ಣು ಮುಚ್ಚಿ, ಕೊರಳ ನರ ಉಬ್ಬಿಸಿ ಕಿರುಚಿದ.

ದೀಪ ಆರಿಸಿದ, ಮಾತೊಂದ ಕೇಳಲಿಲ್ಲ,
ಕಣ್ಣು ಮುಚ್ಚೆಂದ, ನಾ ಮುಚ್ಚಲಿಲ್ಲ,
ಗಾಜಿನ ಹಂಚ ನೋಡುತ ಮಲಗಿದೆ ತಂಗಿ,
ಬೆಳ್ಳಿ ಮೂಡಿತೆ ಹೊರತು ನಿದ್ದೆ ಮೂಡಲಿಲ್ಲ.

ಮನಿಷಾ, ಆಯಿ ಅವತ್ತು ಹಾಡಿದ್ದು ಏನು ಎಂದು ನನಗೆ ತಿಳಿದದ್ದು ಆಗ. ಒಣಮೀನಿನ ವಾಸನೆಯ ನಡುವೆ, ಪರಗಂಡಸಿನ ಬಾಯಿಂದ. ಗೊರಕೆಯ ತಮಾಷೆ ಅಲ್ಲವೇ ಅಲ್ಲ ಅದು. ಕೊನೆಯಲ್ಲಿ ವಾದ್ಯವೆಲ್ಲ ತಟ್ಟನೆ ನಿಂತಿತು, ಸ್ಪೀಕರಿನಿಂದ ಒಬ್ಬಳು ನಕ್ಕಳು. ಉದ್ದನೆಯ, ಕೀರಲು, ಲಜ್ಜೆಯಿಲ್ಲದ ನಗು. ಯಾರಪ್ಪಾ ಇವಳು ಅಂದುಕೊಂಡೆ. ಅಮಿತ ಹೇಳಿದ, "ವೈನಿ, ನಿಮ್ಮ ನಗುವೇ ಹಾಡಿನ ಪ್ರಾಣ."

ಹೊರಗೆ ಓಡಿ, ಐಸು ಪುಡಿಮಾಡುವ ಜಾಗದಲ್ಲಿ ವಾಂತಿ ಮಾಡಿಕೊಂಡೆ. ಸುದ್ದಿ ನನಗಿಂತ ಮೊದಲೇ ಮನೆ ತಲುಪಿ, ಅತ್ತೆ ದೇವರ ಮುಂದೆ ಸಕ್ಕರೆ ಇಟ್ಟುಬಿಟ್ಟಿದ್ದರು. ಅಂಥದ್ದೇನೂ ಇಲ್ಲ ಅಂತ ತಿಳಿದ ಮೇಲೆ ಅದೇ ಸಕ್ಕರೆಯನ್ನು ಮುಖ ಸಿಂಡರಿಸಿಕೊಂಡು ಚಹಾಕ್ಕೆ ಹಾಕಿದರು.

ನಡೆದದ್ದು ಇಷ್ಟು. ಮೂಲೆಯಲ್ಲಿ ಕೋಳಿಮರಿಯ ಹಾಗೆ ಕೂತಿದ್ದ ಮಂಗಲಾ ಸೆರಗಿನಡಿ ತನ್ನ ಮೊಬೈಲಿನಲ್ಲಿ ಎಲ್ಲ ರೆಕಾರ್ಡು ಮಾಡಿಕೊಂಡಿದ್ದಳು. ಕೇಳಿದರೆ ಕಣ್ಣಲ್ಲಿ ನೀರು ತುಂಬಿಕೊಂಡಳು. "ವೈನಿ, ದೇವರಾಣೆ, ಕಲಿಲಿಕ್ಕಂತ ತೆಗೆದಿದ್ದೆ. ನಾಳೆ ನನ್ನ ಮದುವೆಗೆ ನಮ್ಮ ಬದಿಗೆ ಹಾಡೋರು ಯಾರಿದಾರೆ? ಆಯಿಗೆ ಟೀವಿ ಬಿಟ್ಟು ಎಂತ ಬರ್ತದೆ? ದಾದಾ ಕೇಳ್ದ, ಕೊಟ್ಟೆ." ಅವಳನ್ನು ಬೈಯಲಿಕ್ಕೆ ನನ್ನಿಂದಾಗಲಿಲ್ಲ.

ಇವರ ಹತ್ತಿರ ಮಾತ್ರ ಜಗಳವಾಡಿದೆ. ಮದುವೆಯಾದ ಮೇಲಿನ ಮೊದಲ ಜಗಳ.

"ಆಯಿಯನ್ನು ಒಂದು ಮಾತು ಕೇಳಿದ್ರಾ?"

"ಜಾನಪದಕ್ಕೆ ಯಾರ ಅಪ್ಪಣೆ ಬೇಕು, ಪ್ರಗತಿ? ಅದು ಎಲ್ಲರದ್ದು."

"ಅದು ಜಾನಪದ ಅಲ್ಲ. ನನ್ನ ಆಯಿ."

"ಹೆಸರು ಎಲ್ಲಿ ಹೇಳಿದ್ದೇನೆ? ನೋಡು, ಇದು ಹೆಂಗಸರ ಪರವಾಗಿರೋ ಹಾಡು. ನೂರು ವರ್ಷದಿಂದ ಬಾಗಿಲು ಹಾಕ್ಕೊಂಡು ಹೇಳ್ತಿದ್ದದ್ದನ್ನ ನಾನು ಬಾಗಿಲು ತೆಗೆದು ಹೇಳ್ತಿದ್ದೇನೆ. ನಿನಗೆ ಹೆಮ್ಮೆ ಆಗ್ತದೆ ಅಂದ್ಕೊಂಡಿದ್ದೆ."

ಹೆಸರು ಎಲ್ಲಿದೆ ಅಂತೆ. ಅವರ್ಸಾದಲ್ಲಿ ನಮ್ಮ ಮನೆಗೆ ಬೇರೆ ಹೆಸರೇ ಇಲ್ಲ, ನಿನಗೆ ಗೊತ್ತು. ಕೇರಿಯಲ್ಲಿ ಮೊದಲ ಗಾಜಿನ ಹಂಚು ಕೂತದ್ದು ನಮ್ಮ ಮಾಡಿನ ಮೇಲೆ. ಅಪ್ಪ ಮದುವೆಗೆ ಮುಂಚೆ ಮಂಗಳೂರಿಂದ ಬಟ್ಟೆಯಲ್ಲಿ ಸುತ್ತಿ, ತೊಡೆಯ ಮೇಲೆ ಇಟ್ಟುಕೊಂಡು ಬಸ್ಸಿನಲ್ಲಿ ತಂದದ್ದಂತೆ, ಹೊಸ ಹೆಂಡತಿಯ ಕೋಣೆಗೆ ಬೆಳಕಿರಲಿ ಅಂತ. ಅಂದಿನಿಂದ ಮದುವೆಯ ಕರೆಯೋಲೆಯಿಂದ ಹಿಡಿದು ಕರೆಂಟ್ ಬಿಲ್ಲಿನವನವರೆಗೆ ಎಲ್ಲರಿಗೂ ನಾವು ಗಾಜಿನ ಹಂಚಿನ ಮನೆಯವರು.

ಹಾಡು ಹೇಗೆ ಹಬ್ಬಿತು ಎಂದು ನಿನಗೆ ನನಗಿಂತ ಚೆನ್ನಾಗಿ ಗೊತ್ತಿರಬೇಕು, ಪುಣೆಗೇ ಬಂದಿದೆ. ಇಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬರ ಮೊಬೈಲಿನಿಂದ ಇನ್ನೊಬ್ಬರ ಮೊಬೈಲಿಗೆ ನೆಗಡಿಯ ಹಾಗೆ ಹತ್ತಿತು. ಒಂದು ಕಾಲೇಜಿನ ವಾರ್ಷಿಕೋತ್ಸವದಲ್ಲಿ ಹಾಡಬಾರದು ಅಂದರು. ಒಬ್ಬ ಹಿರಿಯರು ಪತ್ರಿಕೆಗೆ ಬರೆದರು, ಗೃಹಸ್ಥಾಶ್ರಮಕ್ಕೆ ಕಳಂಕ ಅಂತ. ಹೆಂಗಸರ ಸಂಘವೊಂದು ನಿಲ್ಲಿಸಿ ಅಂದಿತು, ಇನ್ನೊಂದು ಸಂಘ ಶಾಲು ಹೊದಿಸಿತು. ಇವರು ಕುಣಿದಾಡಿದರು. "ಬೈದಷ್ಟೂ ಒಳ್ಳೆಯದು ಪ್ರಗತಿ, ಬೈಸಿಕೊಳ್ಳದ ಹಾಡು ಹಾಡೇ ಅಲ್ಲ" ಅಂದರು. ನಮ್ಮದೇ ಮಾತು ಮನಿಷಾ, ಆ ಟೇಪಿನ ತುಂಡಿನ ಮಾತು. ಇವರ ಬಾಯಲ್ಲಿ ಅದು ಹಳಸಿದ ಅನ್ನದ ಹಾಗೆ ನಾರಿತು.

ಕಾರವಾರ–ಅಂಕೋಲೆ ಬಸ್ಸಿನಲ್ಲಿ ಹಿಂದಿನ ಸೀಟಿನ ಹುಡುಗರು ಅದನ್ನು ಹೇಗೆ ಹಾಡುತ್ತಾರೆ ಗೊತ್ತಾ. ಮೀನಿನ ಬುಟ್ಟಿ ಹಿಡಿದು ಹತ್ತುವ ಹೆಂಗಸರಿಗೆ, ಟ್ಯೂಷನ್ನಿಗೆ ಹೋಗುವ ಹುಡುಗಿಯರಿಗೆ "ಕಣ್ಣು ಮುಚ್ಚೇ" ಅಂತ ಒಬ್ಬ ಅನ್ನುತ್ತಾನೆ, ಉಳಿದವರೆಲ್ಲ ಒಟ್ಟಿಗೆ ನನ್ನ ನಗು ನಗುತ್ತಾರೆ. ನನ್ನ ಗಂಟಲು ಅವರ ಬಾಯಲ್ಲಿ. ನಾನು ಕಿಟಕಿಯ ಕಡೆ ಮುಖ ಮಾಡಿ ಕೂತಿರುತ್ತೇನೆ, ಮೈಮೇಲೆ ಹಲ್ಲಿ ಹರಿದ ಹಾಗಾಗುತ್ತದೆ. ಮನೆಗೆ ಬಂದು ಎಷ್ಟು ನೀರು ಹಾಕಿಕೊಂಡರೂ ಅದು ಹೋಗುವುದಿಲ್ಲ.

ನಿನ್ನ ಹತ್ತಿರ ಸುಳ್ಳು ಹೇಳುವುದಿಲ್ಲ. ಹಾಡು ಚೆನ್ನಾಗಿದೆ. ಹೇಸಿಗೆ ಇರುವುದೇ ಅಲ್ಲಿ. ಕೆಟ್ಟದಾಗಿದ್ದರೆ ಎರಡು ದಿನಕ್ಕೆ ಸಾಯುತ್ತಿತ್ತು. ಸಾರಿಗೆ ಒಗ್ಗರಣೆ ಹಾಕುವಾಗ ನನ್ನ ಕೈ ತಾನಾಗಿಯೇ ಸೌಟಿನಿಂದ ಆ ಗತ್ತು ಬಡಿಯುತ್ತದೆ, ಆಮೇಲೆ ಆ ಕೈಯನ್ನೇ ಒರೆಸಿಕೊಳ್ಳುತ್ತೇನೆ. ಹುಡುಗಿಯರು ಕಾಗದ ಬರೆಯುತ್ತಾರೆ ಇವರಿಗೆ, ನಮ್ಮ ಮನಸ್ಸನ್ನು ಹೇಗೆ ಬಲ್ಲಿರಿ, ಕೇಳಿ ಅತ್ತೆವು ಅಂತ. ಇವರು ಅದನ್ನು ನನಗೆ ಗಟ್ಟಿಯಾಗಿ ಓದಿ ಹೇಳುತ್ತಾರೆ, ಊಟದ ಹೊತ್ತಿಗೆ.

ಏಪ್ರಿಲಿನಲ್ಲಿ ತವರಿಗೆ ಬಂದೆ. ಅಂಗಳಕ್ಕೆ ಕಾಲಿಡುವಾಗ ಅಪ್ಪ ಮಾಡಿನ ಮೇಲಿದ್ದರು. ಏಣಿ ಹಾಕಿ, ಪಂಚೆ ಎತ್ತಿ ಕಟ್ಟಿ, ಈ ವಯಸ್ಸಿನಲ್ಲಿ. ಗಾಜಿನ ಹಂಚನ್ನು ಬಿಡಿಸಿ ತೆಗೆದು ಆ ಜಾಗಕ್ಕೆ ಮಣ್ಣಿನ ಹಂಚು ಕೂರಿಸುತ್ತಿದ್ದರು.

"ಏನಪ್ಪಾ ಇದು?"

"ಮಳೆಗಾಲ ಬಂತಲ್ಲ, ಸೋರ್ತಿತ್ತು" ಅಂದರು. ಕೆಳಗೆ ನೋಡಲಿಲ್ಲ.

ಅದು ಎಂದೂ ಸೋರಿದ್ದಲ್ಲ. ನನಗೆ ಗೊತ್ತು, ಅಪ್ಪನಿಗೂ ಗೊತ್ತು. ಇಷ್ಟು ವರ್ಷದಲ್ಲಿ ಅಪ್ಪ ಆಯಿಗೆ ಒಂದು ಜೋರು ಮಾತಾಡಿದವರಲ್ಲ, ಈಗಲೂ ಆಡಲಿಲ್ಲ. ಮಾತೇ ಬಿಟ್ಟಿದ್ದಾರೆ. ತಟ್ಟೆ ಮುಂದೆ ಬಂದರೆ ಉಣ್ಣುತ್ತಾರೆ, ಕೈ ತೊಳೆದು ಜಗುಲಿಗೆ ಹೋಗುತ್ತಾರೆ. ಪೇಟೆಗೆ ಹೋಗುವುದು ನಿಂತಿದೆ, ಯಕ್ಷಗಾನಕ್ಕೆ ಹೋಗುವುದು ನಿಂತಿದೆ. ಮೀನು ಮಾರುವ ಗಂಗೆ ಬುಟ್ಟಿ ಇಳಿಸಿ, "ಹೊನ್ನಕ್ಕ, ನಿಮ್ಮ ಮನೆ ಮಾಡು ಈಗ ಊರಿಗೆಲ್ಲ ಕಾಣ್ತದಂತೆ" ಅಂದಳು ನನ್ನೆದುರೇ. ಆಯಿ ನೊಗಲಿ ಮೀನಿನ ಕಿವಿರು ಎತ್ತಿ ನೋಡಿ, "ಬಾಯಿ ಮುಚ್ಚಿ ತೂಗು, ನಿನ್ನೆಯ ಮೀನಿಗೆ ಇವತ್ತಿನ ಮಾತು ಬೇಡ" ಅಂದಳು. ಗಂಗೆ ನಕ್ಕು ಎರಡು ಮೀನು ಜಾಸ್ತಿ ಹಾಕಿ ಹೋದಳು. ಅವಳು ಹೋದ ಮೇಲೆ ಆಯಿ ಮೀನನ್ನು ಅಲ್ಲೇ ಮೆಟ್ಟಿಲ ಮೇಲೆ ಬಿಟ್ಟು ಒಳಗೆ ಹೋದಳು.

ಆ ಕೋಣೆ ಈಗ ಹಗಲಿಗೂ ಕತ್ತಲೆ. ಆಯಿ ಅಕ್ಕಿ ಆರಿಸುವುದು ಅಲ್ಲೇ, ಹೊಲಿಗೆ ಮಶೀನು ಇರುವುದೂ ಅಲ್ಲೇ. ಲೈಟು ಹಾಕುತ್ತೇನೆ ಅಂದರೆ, "ಬೇಡ ಬಿಡು ತಂಗಿ, ಕಲ್ಲು ಕೈಗೇ ಸಿಗ್ತದೆ" ಅಂದಳು. ತೆಗೆದ ಗಾಜಿನ ಹಂಚನ್ನು ಅಪ್ಪ ಬಾವಿಯ ಹಿಂದೆ ಎಸೆದಿದ್ದರು. ಆಯಿ ತಂದು, ಸೀಗೆಪುಡಿ ಹಾಕಿ ತಿಕ್ಕಿ ತೊಳೆದು, ಉಪ್ಪಿನಕಾಯಿ ಭರಣಿಯ ಮೇಲೆ ಮುಚ್ಚಿಟ್ಟಿದ್ದಾಳೆ.

ನಾನು ಆಕೆಯ ಕಾಲ ಹತ್ತಿರ ಕೂತು, "ಆಯಿ, ನನಗೆ ಅರ್ಥ ಆಗದೇ ನಕ್ಕೆ" ಅಂದೆ.

ಆಯಿಗೆ ಸಿಟ್ಟು ಬಂತು, ನನ್ನ ಮೇಲಲ್ಲ. "ನಗ್ಲಿ ಅಂತನೇ ಹೇಳಿದ್ದೆ. ನೀವೆಲ್ಲ ನಕ್ಕಿರಿ, ನಾನೂ ನಕ್ಕೆ, ಅಲ್ಲಿಗೆ ಮುಗಿದಿತ್ತು. ನಿನ್ನ ಅಪ್ಪ ಮೊದಮೊದಲು ಹಾಗಿದ್ರು, ಆಮೇಲೆ ಮನುಷ್ಯರಾದ್ರು. ಅದನ್ನ ನಾವಿಬ್ಬರೂ ದಾಟಿ ಎಷ್ಟು ವರ್ಷ ಆಯ್ತು. ಈಗ ಯಾರೋ ಹುಡುಗ್ಯರು ಕೇಳಿ ಅಳ್ತಾರಂತೆ. ಅಳಿ ಅಂತ ನಾನು ಯಾರಿಗೆ ಹೇಳಿದ್ದೆ?"

ಮನಿಷಾ, ಈ ಮಾತನ್ನು ಯಾವ ಗಿಟಾರಿಗೆ ಹಾಕುತ್ತಾರೆ ಇವರು?

ಇನ್ನೊಂದು ಕೇಳು. ಅದೇ ತಿಂಗಳು ಹಟ್ಟಿಕೇರಿಯಲ್ಲಿ ಬೊಮ್ಮಿ ಮಾವಶಿಯ ನಾದಿನಿಯ ಮಗಳ ಮದುವೆ. ಹಿಂದಿನ ಸಂಜೆ ಒಳಕೋಣೆಗೆ ಹೋದೆವು. ಅದು ನನ್ನ ಮೊದಲ ಸರದಿಯಾಗಬೇಕಿತ್ತು. ಬೆನ್ನು ಬಾಗಿದ ಒಬ್ಬ ಅಜ್ಜಿ ಬಾಗಿಲಲ್ಲೇ ನಿಂತು, "ಮೊಬೈಲ್ ಇದ್ದೋರು ಹೊರಗೆ ಇಟ್ಟು ಬನ್ನಿ" ಅಂದಳು. ಇಟ್ಟು ಬಂದೆವು. ಬಾಗಿಲು ಹಾಕಿದರು. ಮಾವಶಿ ಗೆರಸಿ ಮಡಿಲಿಗೆ ಎಳೆದುಕೊಂಡು, ಬಡಿಯಲಿಕ್ಕೆ ಕೈ ಎತ್ತಿ, ಹಾಗೇ ಇಳಿಸಿದಳು. ಪಕ್ಕದವಳಿಗೆ ಕೊಟ್ಟಳು. ಅವಳು ತನ್ನ ಪಕ್ಕದವಳಿಗೆ. ಗೆರಸಿ ಕೋಣೆಯೆಲ್ಲ ಸುತ್ತಿ ಒಂದು ಸದ್ದೂ ಮಾಡದೆ ಮಾವಶಿಗೇ ವಾಪಸು ಬಂತು. ಎಲ್ಲರೂ ಗಂಡಿನ ಕಡೆಯ ಹುಡುಗಿಯ ಸೆರಗನ್ನೇ ನೋಡುತ್ತಿದ್ದರು, ಪಾಪ ಅವಳು ಎರಡು ಕೈಯನ್ನೂ ಎದುರಿಗೆ ಚಾಚಿ ತೋರಿಸಿದಳು. ಯಾರೂ ನನ್ನ ಮುಖ ಮಾತ್ರ ನೋಡಲಿಲ್ಲ. ಮದುಮಗಳು ಅರಿಶಿನದ ಕೆನ್ನೆ ಹೊತ್ತು, ಈಗ ನಗಬೇಕೋ ಇನ್ನೂ ಕಾಯಬೇಕೋ ತಿಳಿಯದೆ ಕೂತಿದ್ದಳು.

ಅಷ್ಟರಲ್ಲಿ ಹೊರಗೆ ಚಪ್ಪರದಲ್ಲಿ ಸೌಂಡ್ ಸಿಸ್ಟಮ್ಮಿನವನು ಗಾಜಿನ ಹಂಚು ಹಾಕಿದ. ಗಂಡಸರು ಶಿಳ್ಳೆ ಹೊಡೆದರು. ಮಾವಶಿ ಎದ್ದು, ಗೆರಸಿಯನ್ನು ಗೋಡೆಗೆ ಒರಗಿಸಿ, ಬಾಗಿಲು ತೆರೆದು ಹೋಗಿಬಿಟ್ಟಳು. ಬೋರಲು ಹಾಕಲೂ ಇಲ್ಲ. ಮುಚ್ಚಿಡಲಿಕ್ಕೆ ಏನಿತ್ತು?

ಇಷ್ಟಾದ ಮೇಲೆ ಕೋಡಿಬಾಗಕ್ಕೆ ಮರಳಿ ಇವರನ್ನು ಬೇಡಿಕೊಂಡೆ. ಈ ತಿಂಗಳು ಕಾರವಾರದ ಕಡಲತೀರದಲ್ಲಿ ದೊಡ್ಡ ಕಾರ್ಯಕ್ರಮ ಇತ್ತು. ಬೇರೆ ಹಾಡು ಎಷ್ಟು ಬೇಕಾದರೂ ಹಾಡಿ, ಅದೊಂದು ಬೇಡ ಅಂದೆ. ಇವರು ನನ್ನ ತಲೆ ಮುಟ್ಟಿ ಆಯ್ತು ಅಂದರು. ನಾನು ಪೂರ್ತಿ ನಂಬಿ, ಅತ್ತೆಯ ಜೊತೆ ಮುಂದಿನ ಸಾಲಿನಲ್ಲಿ ಕೂತೆ. ಜನ ಒಂದೇ ಸಮ ಕೂಗಿದರು, ಗಾಜು, ಗಾಜು, ಗಾಜು. ಇವರು ರೋಷನನ ಮುಖ ನೋಡಿದರು, ಅಮಿತನ ಮುಖ ನೋಡಿದರು. ನನ್ನ ಕಡೆ ನೋಡಲಿಲ್ಲ. ಮೈಕಿನ ಹತ್ತಿರ ಬಂದು ಮೆಲ್ಲಗೆ ಹೇಳಿದರು, "ಯಾರೂ ಒಂದು ಮಾತು ಕೇಳದ ಹೆಂಗಸರಿಗಾಗಿ ಈ ಹಾಡು."

ಹಾಡು ಮುಗಿದು ನನ್ನ ನಗು ಆ ದೊಡ್ಡ ದೊಡ್ಡ ಸ್ಪೀಕರಿನಿಂದ ಬಂದಾಗ ಮರಳಿನ ಮೇಲಿದ್ದ ಜನವೆಲ್ಲ ಕೂಡಿ ಅದನ್ನು ತಿರುಗಿ ನಕ್ಕಿತು. ಬಸ್ಸಿನ ಹುಡುಗರು ಕಲಿಸಿದ್ದು ಊರಿಗೇ ಬಂದಿದೆ. ಪಕ್ಕದಲ್ಲಿ ಅತ್ತೆಯೂ ಬಾಯಿಗೆ ಸೆರಗು ಇಟ್ಟು ನಗುತ್ತಿದ್ದರು, ಅವರಿಗೆ ಇನ್ನೂ ಗೊತ್ತಿಲ್ಲ ಅದು ನಾನು ಅಂತ. ನಾನು ಎದ್ದು ರಸ್ತೆಗೆ ಬಂದು ಅಂಕೋಲೆಯ ಬಸ್ಸು ಹತ್ತಿದೆ. ಅಂದಿನಿಂದ ಇಲ್ಲೇ ಇದ್ದೇನೆ.

ಮೊನ್ನೆ ಇವರು ಬಂದಿದ್ದರು. ಅಪ್ಪ ಅಳಿಯನಿಗೆ ಎಳನೀರು ಕೆತ್ತಿ ಕೊಟ್ಟು ತೋಟಕ್ಕೆ ಹೋಗಿಬಿಟ್ಟರು. ಇವರು ಜಗುಲಿಯಲ್ಲಿ ಕೂತು ಆಯಿಗೆ ಹೇಳಿದರು, ಸೀಡಿ ಬರುತ್ತದೆ, ಅದರ ಮೇಲೆ ನಿಮ್ಮ ಹೆಸರು ಹಾಕಿಸುತ್ತೇನೆ, ನಿಮಗೇ ಅರ್ಪಣೆ ಅಂತ. ನಿಜವಾಗಿ ಸಂತೋಷಪಟ್ಟೇ ಹೇಳಿದರು ಮನಿಷಾ. ಆ ಮುಖದಲ್ಲಿ ಕಪಟ ಇದ್ದಿದ್ದರೆ ನನಗೆ ಎಷ್ಟೋ ಸುಲಭವಾಗುತ್ತಿತ್ತು.

ಆಯಿ ಚಹಾದ ಲೋಟ ಇಟ್ಟು, "ಅಳಿಯಂದಿರೇ, ಹೆಸರು ಬೇಡ. ಮನೆಯಲ್ಲಿ ಹಂಚು ಹೋಯ್ತು, ಹೆಸರಾದರೂ ಇಲ್ಲೇ ಇರ್ಲಿ" ಅಂದಳು.

ಇವರಿಗೆ ತಿಳಿಯಲಿಲ್ಲ. ವಿನಯ ಅಂದುಕೊಂಡರು. ಹೊರಡುವಾಗ ನನಗೆ, "ಯಾವಾಗ ಬರ್ತೀ?" ಅಂದರು.

"ನನ್ನ ನಗು ತೆಗೆದು ಹಾಕಿ, ಬರ್ತೇನೆ" ಅಂದೆ.

"ನಗು ತೆಗೆದರೆ ಹಾಡೇ ಇಲ್ಲವಲ್ಲ" ಅಂದರು. ಬೈಕು ಸ್ಟಾರ್ಟ್ ಮಾಡಿಕೊಂಡು ಹೋದರು.

ಆದ್ದರಿಂದ ಮನಿಷಾ, ನಿನ್ನ ಮದುವೆಗೆ ಉಪ್ಪಾಗರ ಬರುವುದಿಲ್ಲ. ಬಂದರೆ ನಾನು ಬರುವುದಿಲ್ಲ. ವಾಲಗದವರನ್ನು ಕರೆಸು, ಇಲ್ಲ ಹಳೇ ಸಿನಿಮಾ ಹಾಡು ಹಾಕಿಸು. ಒಂದೇ ಒಂದು ಕೇಳುತ್ತೇನೆ. ಹಿಂದಿನ ಸಂಜೆ ಒಳಕೋಣೆಯ ಬಾಗಿಲು ಹಾಕಿಸು. ಬೊಮ್ಮಿ ಮಾವಶಿ ಬರುವುದಿಲ್ಲ ಎಂದು ಹಟ ಮಾಡಿದಳು, ಆಯಿಯೇ ಅವಳನ್ನು ಒಪ್ಪಿಸಿದ್ದಾಳೆ. "ಅವರು ಕದ್ದರು ಅಂತ ನಾವು ಬೇಯಿಸೋದು ಬಿಡ್ಬೇಕಾ? ಮನಿಷಾನೂ ನಮ್ಮ ಹುಡುಗಿನೇ, ಗೆರಸಿ ನಾನು ತರ್ತೆ" ಅಂದಿದ್ದಾಳೆ. ಆಯಿ ಹಾಗಂದ ಮೇಲೆ ಎಷ್ಟೋ ದಿನದ ನಂತರ ನಾನು ಹೊಟ್ಟೆ ತುಂಬ ಉಂಡೆ.

ನಿನಗೆ ಎಲ್ಲ ಒಳ್ಳೆಯದಾಗಲಿ. ಅಡುಗೆ ಬಲ್ಲ ಹುಡುಗನಿಗೆ ಮಾತು ಕೇಳಲಿಕ್ಕೂ ಬರಲಿ. ಅಪ್ಪ ಆಯಿಯ ಆಶೀರ್ವಾದ ಇದರ ಜೊತೆಗಿದೆ, ಇಬ್ಬರೂ ಬೇರೆ ಬೇರೆ ಹೇಳಿದರು.

ನಿನ್ನ
ಪ್ರಗತಿ

ತಾ.ಕ.: ಫೆಬ್ರವರಿಯ ನನ್ನ ಕಾಗದದಲ್ಲಿ, ಆ ಮೊದಲ ರಾತ್ರಿಯ ಬಗ್ಗೆ ನೀನು ಕೇಳಿದ್ದಕ್ಕೆ ಸುಸ್ತಾಗಿತ್ತು ಅಂತ ಬರೆದಿದ್ದೆ. ನಿನ್ನ ಮದುವೆಯಲ್ಲಿ ನನ್ನ ಸರದಿ ಬರುತ್ತದೆ, ಪದ ಆಗಲೇ ಕಟ್ಟಿಟ್ಟಿದ್ದೇನೆ. ಕೋಡಿಬಾಗದ ಮನೆಗೆ ಹಂಚಿಲ್ಲ, ಸ್ಲ್ಯಾಬು. ನನಗೆ ನೋಡಲಿಕ್ಕೆ ಏನೂ ಇರಲಿಲ್ಲ. ನಾನು ಅದನ್ನು ಹಾಡಿದಾಗ ನೀನು ಜೋರಾಗಿ ನಗು ಮನಿಷಾ, ಅರಿಶಿನದ ಬಟ್ಟಲು ಮಗುಚುವಷ್ಟು ಜೋರಾಗಿ. ಆಯಿ ಪಕ್ಕದಲ್ಲೇ ಕೂತಿರುತ್ತಾಳೆ, ನನ್ನ ಪದ ಅವಳಿಗೆ ಕೇಳಿಸಬಾರದು.